ಕೇದಾರದ ಕಲ್ಲುಗಳು ಕಲಿಸುವ ಪಾಠ

ಬೇಸಿಗೆ ರಜೆ ಬಂತೆಂದರೆ ಕರ್ನಾಟಕದ ಎಷ್ಟೋ ಕುಟುಂಬಗಳು ಹಿಮಾಲಯದತ್ತ ಹೊರಡುತ್ತವೆ. ಕೇದಾರನಾಥವೆಂದರೆ ನಮ್ಮವರಿಗೆ ವಿಶೇಷ ಅಕ್ಕರೆ. ವೀರಶೈವರ ಪಂಚಪೀಠಗಳಲ್ಲಿ ಕೇದಾರವೂ ಒಂದು. ಗೌರಿಕುಂಡದಿಂದ ಸುಮಾರು 16 ಕಿ.ಮೀ. ಏರಿ, ದೇವರ ದರ್ಶನ ಮುಗಿಸಿ, ಪ್ರಸಾದ ಕಟ್ಟಿಕೊಂಡು ಇಳಿದುಬಿಡುವವರೇ ಹೆಚ್ಚು. ಮಕ್ಕಳು ಜೊತೆಗಿದ್ದರೆ ದೇಗುಲದ ಹಿಂಭಾಗಕ್ಕೂ ಕರೆದೊಯ್ಯಬೇಕು. ಅಲ್ಲಿರುವುದು ಭೂವಿಜ್ಞಾನದ ತೆರೆದ ಪುಸ್ತಕ.

ನದಿಯಲ್ಲಿ ಬಹುದೂರ ಉರುಳಿ ಬಂದ ಕಲ್ಲು ಸವೆದು ನುಣುಪಾಗಿರುತ್ತದೆ. ಹಿಮನದಿ ಹೊತ್ತು ತಂದ ಕಲ್ಲುಗಳಿಗೆ ಚೂಪು ಅಂಚುಗಳಿರುತ್ತವೆ. ಅವುಗಳಲ್ಲಿ ಹೆಬ್ಬಂಡೆ, ಜಲ್ಲಿ, ಪುಡಿಮಣ್ಣು ಎಲ್ಲವೂ ಕಲಸಿಹೋಗಿರುತ್ತವೆ. 3,583 ಮೀಟರ್ ಎತ್ತರದ ಕೇದಾರ ನಿಂತಿರುವುದು ಹಿಮನದಿ ಬಿಟ್ಟುಹೋದ ಇಂಥ ಸಡಿಲ ರಾಶಿಯ ಮೇಲೆ.

ಊರಿನ ಮೇಲ್ಭಾಗದಲ್ಲಿ ಚೋರಾಬಾರಿ ಹಿಮನದಿ, ಅದರ ಪಕ್ಕದಲ್ಲಿ ಒಂದು ಪುಟ್ಟ ಸರೋವರ ಇತ್ತು. 1948ರಲ್ಲಿ ಗಾಂಧೀಜಿಯವರ ಚಿತಾಭಸ್ಮವನ್ನು ಅಲ್ಲಿ ವಿಸರ್ಜಿಸಿದ್ದರಿಂದ ಅದಕ್ಕೆ ಗಾಂಧಿ ಸರೋವರವೆಂಬ ಹೆಸರು ಬಂತು. ಅದರ ನೀರನ್ನು ತಡೆದಿದ್ದುದು ಹಿಮನದಿ ತಂದ ಕಲ್ಲುಮಣ್ಣಿನ ದಿಬ್ಬ ಮಾತ್ರ. 2013ರಲ್ಲಿ ಮುಂಗಾರು ಒಂದು ತಿಂಗಳು ಮೊದಲೇ, ಜೂನ್ 16ರ ಹೊತ್ತಿಗೆ, ಇಡೀ ದೇಶವನ್ನು ವ್ಯಾಪಿಸಿತು. ಭಾರಿ ಮಳೆಯೂ ಕರಗಿದ ಹಿಮವೂ ಸೇರಿ ಸರೋವರ ತುಂಬಿತು. 17ರ ಬೆಳಿಗ್ಗೆ ದಿಬ್ಬ ಒಡೆಯಿತು. ದಾರಿಯಲ್ಲಿದ್ದ ರಾಂಬಾಡ ಎಂಬ ಊರು ನೆಲಸಮವಾಯಿತು. ಆ ದಿನಗಳ ಪ್ರವಾಹ, ಭೂಕುಸಿತಗಳಿಗೆ ಉತ್ತರಾಖಂಡದಲ್ಲಿ 5,000ಕ್ಕೂ ಹೆಚ್ಚು ಮಂದಿ ಬಲಿಯಾದರು. ದೇಗುಲದ ಹಿಂದೆ ಬಂದು ನಿಂತ ಹೆಬ್ಬಂಡೆ ಪ್ರವಾಹವನ್ನು ಎರಡು ಪಕ್ಕಕ್ಕೆ ಸೀಳಿತು. ಭಕ್ತರು ಅದನ್ನು ಭೀಮಶಿಲೆ ಎಂದು ಪೂಜಿಸುತ್ತಾರೆ.

ಇಂಥ ಅನಾಹುತವನ್ನು ಮೊದಲೇ ತಿಳಿಯಲು ಸಾಧ್ಯವಿಲ್ಲವೇ? ಎಲ್ಲ ಸಲವೂ ಅಲ್ಲದಿದ್ದರೂ ಕೆಲವು ಸಲ ಸಾಧ್ಯ. ಇದೇ ಗಢವಾಲದಲ್ಲಿ ಅದಕ್ಕೆ ಹಳೆಯದೊಂದು ಉದಾಹರಣೆಯಿದೆ.

1893ರಲ್ಲಿ ಅಲಕನಂದಾದ ಉಪನದಿ ಬಿರಹಿಗಂಗೆಗೆ ಗೋಹ್ನಾ ಎಂಬಲ್ಲಿ ಗುಡ್ಡ ಕುಸಿದು ಬಿತ್ತು. ಸುಮಾರು 270 ಮೀಟರ್ ಎತ್ತರದ ತಡೆ ಎದ್ದು, ಹಿಂದೆ ನೀರು ನಿಲ್ಲತೊಡಗಿತು. ಎಂಜಿನಿಯರುಗಳು ನೀರು ಏರುವ ವೇಗವನ್ನು ಅಳೆದು, ಮರುವರ್ಷದ ಆಗಸ್ಟ್‌ನಲ್ಲಿ ತುಂಬಿ ಹರಿಯುತ್ತದೆಂದು ಲೆಕ್ಕ ಹಾಕಿದರು. ಕಣಿವೆಗೆ ತಂತಿ ಸಂಪರ್ಕ ಎಳೆಸಿ, ಜನರನ್ನು ಎತ್ತರದ ಜಾಗಗಳಿಗೆ ಸಾಗಿಸಿದರು. 1894ರ ಆಗಸ್ಟ್ 25ರ ರಾತ್ರಿ ತಡೆ ಒಡೆಯಿತು. ಕೆಳಗಿದ್ದ ಗಢವಾಲದ ಶ್ರೀನಗರ ಪಟ್ಟಣ ಕೊಚ್ಚಿಹೋಯಿತು. ಸತ್ತವರು ಐವರು ಮಾತ್ರ. ಒಬ್ಬ ಫಕೀರ ಮತ್ತು ಅವನ ಮನೆಯವರು, ಸ್ಥಳಾಂತರಿಸಿದ್ದರೂ ಅಪಾಯದ ಜಾಗಕ್ಕೆ ಮರಳಿ ಹೋಗಿದ್ದರು.

ಉಪಗ್ರಹವಿಲ್ಲದ ಕಾಲದಲ್ಲಿ ಅಳತೆಪಟ್ಟಿ, ಗಣಿತ, ತಂತಿ ಇಷ್ಟರಿಂದಲೇ ಅಷ್ಟು ಜೀವ ಉಳಿಯಿತು. ಶಾಲೆಯಲ್ಲಿ ಕಲಿಯುವ ಘನಗಾತ್ರದ ಲೆಕ್ಕ ಏಕೆ ಬೇಕೆಂದು ಕೇಳುವ ಮಕ್ಕಳಿಗೆ ಈ ಕಥೆ ಹೇಳಬಹುದು. ಎಚ್ಚರಿಕೆ ಕೊಟ್ಟರೆ ಸಾಲದು, ಕೇಳಿದವರು ಅದನ್ನು ಪಾಲಿಸಬೇಕು ಎಂಬುದನ್ನು ಆ ಐವರ ಸಾವು ತೋರಿಸುತ್ತದೆ.

ಪ್ರವಾಸ ಹೊರಡುವ ಪಾಲಕರು ಕೆಲವು ಮಾತು ನೆನಪಿಡಬೇಕು. ಮಳೆಗಾಲದಲ್ಲಿ ಈ ಯಾತ್ರೆ ಬೇಡ. ದಿನವೂ ಹವಾಮಾನ ಇಲಾಖೆಯ ಮುನ್ಸೂಚನೆ ನೋಡಿ. ಹಳ್ಳದ ಪಾತ್ರದ ಪಕ್ಕದಲ್ಲಿ ತಂಗಬೇಡಿ. ಹರಿಯುವ ನೀರು ಇದ್ದಕ್ಕಿದ್ದಂತೆ ಕೆಸರಾದರೆ ಅಥವಾ ತೀರಾ ಕಡಿಮೆಯಾದರೆ ಮೇಲೆಲ್ಲೋ ಗುಡ್ಡ ಕುಸಿದು ತಡೆಯಾಗಿರಬಹುದು. ಆಗ ಸಾಮಾನಿನ ಆಸೆ ಬಿಟ್ಟು ಪಕ್ಕದ ಎತ್ತರಕ್ಕೆ ಏರಬೇಕು. ಮುಂದೆ ಹೋಗಬೇಡಿ ಎಂದು ಪೊಲೀಸರು ತಡೆದರೆ ವಾದಿಸದೆ ಹಿಂದಿರುಗಿ. ಕೇದಾರದ ಬಾಗಿಲು ಮರುವರ್ಷವೂ ತೆರೆಯುತ್ತದೆ.