ಒಂದೂವರೆ ನಿಮಿಷದ ಲೆಕ್ಕ

2023ರ ಮೇ 20, ಜೂನಿಯರ್ ಎನ್‌ಟಿಆರ್ ಹುಟ್ಟುಹಬ್ಬ. ವಿಜಯವಾಡದ ಅಪ್ಸರಾ ಥಿಯೇಟರಿನಲ್ಲಿ ಅವರ ಹಳೆಯ ಚಿತ್ರ ‘ಸಿಂಹಾದ್ರಿ’ ಮತ್ತೆ ತೆರೆಗೆ ಬಂದಿತ್ತು. ಅಭಿಮಾನಿಗಳು ಹಾಲಿನೊಳಗೇ ಪಟಾಕಿ ಹಚ್ಚಿದರು. ಸೀಟುಗಳು ಹೊತ್ತಿಕೊಂಡವು, ಜನ ಬಾಗಿಲಿಗೆ ಓಡಿದರು, ಪ್ರದರ್ಶನ ನಿಂತಿತು. ಯಾರ ಜೀವವೂ ಹೋಗಲಿಲ್ಲ. ಅದಕ್ಕೂ ಮೊದಲು, 2022ರ ಅಕ್ಟೋಬರಿನಲ್ಲಿ, ತಾಡೇಪಲ್ಲಿಗೂಡೆಂನ ಥಿಯೇಟರೊಂದರಲ್ಲಿ ಪ್ರಭಾಸ್ ಅವರ ‘ಬಿಲ್ಲಾ’ ಓಡುವಾಗಲೂ ಹೀಗೇ ಆಗಿತ್ತು. ಅಲ್ಲೂ ಜನ ಬದುಕಿದರು. ಎರಡು ಸಲ ಪಾರಾದ ಮೇಲೆ ಮೂರನೆಯ ಸಲವೂ ಪಾರಾಗುತ್ತೇವೆಂದು ನಂಬಿ ಕೂರುವುದು ನನಗೆ ಭಯ ಹುಟ್ಟಿಸುತ್ತದೆ.

ಥಿಯೇಟರಿಗಾದರೂ ಎತ್ತರದ ಚಾವಣಿ ಇರುತ್ತದೆ, ಹಲವು ಬಾಗಿಲು ಇರುತ್ತವೆ. ವಿಶಾಖಪಟ್ಟಣ, ವಿಜಯವಾಡಗಳಲ್ಲಿ ಈಗ ಕಿಡಿ ಹಾರುವುದು ಫಂಕ್ಷನ್ ಹಾಲುಗಳಲ್ಲಿ, ಹೋಟೆಲಿನ ಮಹಡಿಯ ಬ್ಯಾಂಕ್ವೆಟ್‌ಗಳಲ್ಲಿ, ಪಬ್‌ಗಳಲ್ಲಿ, ಕಾಲೇಜು ಫೆಸ್ಟ್‌ಗಳಲ್ಲಿ. ವಧೂವರರು ವೇದಿಕೆ ಏರುವಾಗ ಎರಡೂ ಬದಿಯಲ್ಲಿ ಆಳೆತ್ತರಕ್ಕೆ ಚಿಮ್ಮುವ ‘ಕೋಲ್ಡ್ ಪೈರೊ’ ರಿಸೆಪ್ಶನ್ ಪ್ಯಾಕೇಜಿನ ಭಾಗವೇ ಆಗಿಬಿಟ್ಟಿದೆ. ಬೆಂಗಳೂರು, ಮೈಸೂರುಗಳಲ್ಲೂ ಹಾಗೆಯೇ.

ಈ ಹೆಸರಿನಲ್ಲಿ ಎರಡು ಬೇರೆ ವಸ್ತುಗಳು ಬಾಡಿಗೆಗೆ ಸಿಗುತ್ತವೆ. ಒಂದು, ಟೈಟಾನಿಯಂ, ಜಿರ್ಕೋನಿಯಂ ಲೋಹಗಳ ಪುಡಿಯನ್ನು ವಿದ್ಯುತ್ತಿನಿಂದ ಕಾಯಿಸಿ ಫ್ಯಾನಿನಿಂದ ಮೇಲಕ್ಕೆಸೆಯುವ ಯಂತ್ರ. ಇನ್ನೊಂದು, ಮದ್ದು ತುಂಬಿ ರಿಮೋಟಿನಿಂದ ಹೊತ್ತಿಸುವ ಕೊಳವೆ. ಅಂದರೆ ನಮ್ಮ ಹೂಕುಂಡದ ಸೋದರ. ಕಿಡಿಗೆ ಕೈ ಒಡ್ಡಿದರೂ ಸುಡುವುದಿಲ್ಲ ಎಂದು ಇವೆಂಟ್‌ನವರು ತೋರಿಸುತ್ತಾರೆ. ಪ್ರತಿ ಕಣವೂ ತೀರಾ ಚಿಕ್ಕದು, ಅದರಲ್ಲಿರುವ ಒಟ್ಟು ಶಾಖ ಕಡಿಮೆ, ಹಾಗಾಗಿ ಕೈ ಸುಡದೆ ಇರಬಹುದು. ಆದರೆ ಉರಿಯುವ ಲೋಹದ ಕಣದ ಉಷ್ಣತೆ ಸಾವಿರ ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಕೈಯ ಚರ್ಮದಲ್ಲಿ ನೀರಿದೆ, ರಕ್ತ ಹರಿಯುತ್ತದೆ. ವೇದಿಕೆಯ ಹಿಂದಿನ ತೆಳು ಬಟ್ಟೆಗೆ, ಪ್ಲಾಸ್ಟಿಕ್ ಹೂವಿಗೆ, ಥರ್ಮೋಕೋಲಿಗೆ, ಶಬ್ದ ತಡೆಯಲು ಅಂಟಿಸಿದ ಫೋಮಿಗೆ ಅಂಥ ರಕ್ಷಣೆ ಏನೂ ಇಲ್ಲ. ಇನ್ನೊಂದು ಸಂಗತಿ ಹಾಲಿನವರಿಗೆ ಗೊತ್ತಿರಲೇಬೇಕು: ಉರಿಯುತ್ತಿರುವ ಟೈಟಾನಿಯಂ, ಜಿರ್ಕೋನಿಯಂ ಪುಡಿಗೆ ನೀರು ಸುರಿದರೆ ಹೈಡ್ರೋಜನ್ ಹುಟ್ಟಿ ಬೆಂಕಿ ಇನ್ನಷ್ಟು ಕೆರಳುತ್ತದೆ. ಗೋಡೆಗೆ ನೇತುಹಾಕಿದ ಸಾಮಾನ್ಯ ಸಿಲಿಂಡರ್ ಲೋಹದ ಬೆಂಕಿಗೆ ಮಾಡಿದ್ದಲ್ಲ.

ಕಿಡಿ ತಗುಲಿದ ಮೇಲೆ ಏನಾಗುತ್ತದೆ ಎಂಬುದಕ್ಕೆ ಎಲ್ಲಕ್ಕಿಂತ ಸ್ಪಷ್ಟವಾದ ದಾಖಲೆ ಅಮೆರಿಕದ್ದು. 2003ರ ಫೆಬ್ರುವರಿ 20ರ ರಾತ್ರಿ ರೋಡ್ ಐಲೆಂಡ್ ರಾಜ್ಯದ ವೆಸ್ಟ್ ವಾರ್ವಿಕ್‌ನ ‘ಸ್ಟೇಶನ್’ ಎಂಬ ಸಣ್ಣ ನೈಟ್‌ಕ್ಲಬ್ಬಿನಲ್ಲಿ, ಹಾಡು ಶುರುವಾಗುತ್ತಿದ್ದಂತೆ ಚಿಮ್ಮಿಸಿದ ಕಿಡಿ ವೇದಿಕೆಯ ಹಿಂದಿನ ಪಾಲಿಯುರೆಥೇನ್ ಫೋಮಿಗೆ ತಗುಲಿತು. ಪರವಾನಗಿ ಪಡೆದಿರಲಿಲ್ಲ. ಮೊದಲಿಗೆ ಅದೂ ಆಟದ ಭಾಗವೆಂದೇ ಜನ ನೋಡುತ್ತಾ ನಿಂತರು. ಅಲ್ಲಿನ ರಾಷ್ಟ್ರೀಯ ಸಂಸ್ಥೆ ಎನ್‌ಐಎಸ್‌ಟಿ ನಡೆಸಿದ ತನಿಖೆಯ ಪ್ರಕಾರ ಸುಮಾರು 90 ಸೆಕೆಂಡುಗಳಲ್ಲಿ ಒಳಗೆ ಬದುಕಲಾಗದ ಸ್ಥಿತಿ ಬಂತು. ಹೆಚ್ಚಿನವರು ತಾವು ಬಂದ ಮುಂಬಾಗಿಲಿಗೇ ನುಗ್ಗಿದರು, ಹಲವರು ಅಲ್ಲೇ ಸಿಕ್ಕಿಬಿದ್ದರು. ಸತ್ತವರು 100. ತನಿಖೆಯವರು ಅದೇ ರೀತಿಯ ವೇದಿಕೆ ಕಟ್ಟಿ, ಸ್ಪ್ರಿಂಕ್ಲರ್ ಅಳವಡಿಸಿ ಮತ್ತೆ ಬೆಂಕಿ ಹಚ್ಚಿ ನೋಡಿದರು. ಬೆಂಕಿ ಹತೋಟಿಗೆ ಬಂತು.

ಇದೇ ಕಥೆ 2013ರಲ್ಲಿ ಬ್ರೆಜಿಲ್‌ನ ಸಾಂತಾ ಮರಿಯಾದಲ್ಲಿ 242 ಜನರನ್ನು ಕೊಂದಿತು. ಅಲ್ಲಿ ಬಯಲಿನಲ್ಲಿ ಹಚ್ಚಬೇಕಾದ ಅಗ್ಗದ ಕಿಡಿಮದ್ದನ್ನು ಒಳಗೆ ಹಚ್ಚಿದ್ದರು. 2015ರಲ್ಲಿ ಬುಖಾರೆಸ್ಟ್‌ನಲ್ಲಿ 64 ಜನ. 2025ರ ಡಿಸೆಂಬರ್ 6ರ ರಾತ್ರಿ ನಮ್ಮ ಪಕ್ಕದ ಗೋವಾದ ಅರ್ಪೋರಾದ ನೈಟ್‌ಕ್ಲಬ್ಬಿನಲ್ಲಿ 25 ಜನ, ಹೆಚ್ಚಿನವರು ಅಲ್ಲಿ ಕೆಲಸಕ್ಕಿದ್ದವರು. ಫೋಮ್ ಉರಿದಾಗ ಬರುವ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಜೊತೆಗೆ ಹೈಡ್ರೋಜನ್ ಸಯನೈಡ್ ಕೂಡ ಇರುತ್ತದೆ. ಕೆಲವು ಉಸಿರಿಗೇ ಮನುಷ್ಯ ದಿಕ್ಕು ತಪ್ಪುತ್ತಾನೆ.

ಮೈಸೂರಿನವರಿಗೆ ಇದನ್ನು ದೂರದ ಉದಾಹರಣೆಗಳಿಂದ ಹೇಳಬೇಕಾಗಿಲ್ಲ. 1989ರ ಫೆಬ್ರುವರಿ 8ರಂದು ಪ್ರೀಮಿಯರ್ ಸ್ಟುಡಿಯೊದಲ್ಲಿ ಟಿಪ್ಪು ಸುಲ್ತಾನ್ ಧಾರಾವಾಹಿಯ ಸೆಟ್ಟಿಗೆ ಬೆಂಕಿ ಬಿದ್ದು 62 ಜನ ಸತ್ತರು. ಬೆಂಕಿ ಆರಿಸಲು ಅಲ್ಲಿದ್ದದ್ದು ಮರಳು ಮತ್ತು ಒಂದಷ್ಟು ಬಕೆಟ್ ನೀರು.

ಹಾಗಾದರೆ ಕಾನೂನು ಏನು ಹೇಳುತ್ತದೆ? 2008ರ ಸ್ಫೋಟಕ ನಿಯಮಗಳು ಪಟಾಕಿಯ ತಯಾರಿಕೆ, ದಾಸ್ತಾನು, ಮಾರಾಟ, ಸಾಗಣೆಗಳನ್ನು ನೋಡಿಕೊಳ್ಳುತ್ತವೆ. ಅನಕಾಪಲ್ಲಿ ಜಿಲ್ಲೆಯ ಕೈಲಾಸಪಟ್ಟಣಂನ ಪಟಾಕಿ ಘಟಕದಲ್ಲಿ 2025ರ ಏಪ್ರಿಲ್ 13ರಂದು ಎಂಟು ಮಂದಿ ಸತ್ತಂಥ ದುರಂತಗಳ ನಂತರ ಎಲ್ಲರ ಕಣ್ಣು ಮದ್ದು ತಯಾರಾಗುವ ಕಡೆಗೇ ಹೋಗುತ್ತದೆ. ಅದು ಬೇಕು. ಆದರೆ ಅದನ್ನು ಹೊತ್ತಿಸುವ ಜಾಗ? ಕಲ್ಲಿನ ಕ್ವಾರಿಯಲ್ಲಿ ಮದ್ದು ಸಿಡಿಸುವವನಿಗೆ ಶಾಟ್‌ಫೈರರ್ ಪರ್ಮಿಟ್ ಬೇಕು. ಐನೂರು ಜನ, ಮಕ್ಕಳು ಕೂತ ಹಾಲಿನಲ್ಲಿ ರಿಮೋಟ್ ಒತ್ತುವ ಹುಡುಗನ ಬಳಿ ಅಂಥ ಪರ್ಮಿಟ್ ಇದೆಯೇ ಎಂದು ಯಾರು ಕೇಳುತ್ತಾರೆ? ವಿದ್ಯುತ್ ಯಂತ್ರವನ್ನಂತೂ ಪಟಾಕಿಯೇ ಅಲ್ಲವೆಂದು ವಾದಿಸಿ ದಾಟಿಸಬಹುದು.

ಇನ್ನು ಕಟ್ಟಡ. ಆಂಧ್ರದ 1999ರ ಅಗ್ನಿಶಾಮಕ ಸೇವಾ ಕಾಯ್ದೆಯಂತೆ ಫಂಕ್ಷನ್ ಹಾಲು, ಥಿಯೇಟರುಗಳಂಥ ಜನ ಸೇರುವ ಕಟ್ಟಡಕ್ಕೆ ಅಗ್ನಿಶಾಮಕ ಇಲಾಖೆಯ ನಿರಾಕ್ಷೇಪಣಾ ಪತ್ರ (ಎನ್‌ಒಸಿ) ಬೇಕಾಗುವುದು ನಿವೇಶನ 500 ಚದರ ಮೀಟರ್ ಅಥವಾ ಎತ್ತರ 6 ಮೀಟರ್ ಮೀರಿದಾಗ. ಅದಕ್ಕಿಂತ ಚಿಕ್ಕದು, ತಗ್ಗು ಚಾವಣಿಯದು, ಒಂದೇ ಬಾಗಿಲಿನದು ಜರಡಿಯ ಕೆಳಗೆ ಉದುರಿಹೋಗುತ್ತದೆ. ಬೆಂಕಿಯ ವಿಷಯದಲ್ಲಿ ಎಲ್ಲಕ್ಕಿಂತ ಅಪಾಯದ್ದು ಅದೇ. ಎನ್‌ಒಸಿ ಬೇಕಾದಲ್ಲಿ ಅದು ಇದ್ದೇ ಇರುತ್ತದೆ ಎಂದೂ ಅಲ್ಲ. 2020ರ ಆಗಸ್ಟ್ 9ರಂದು ವಿಜಯವಾಡದ ಸ್ವರ್ಣ ಪ್ಯಾಲೇಸ್ ಹೋಟೆಲಿನ ಕೋವಿಡ್ ಕೇಂದ್ರದಲ್ಲಿ 10 ಜನ ಸತ್ತಾಗ, ಆ ಕಟ್ಟಡಕ್ಕೆ ಎನ್‌ಒಸಿ ಇರಲಿಲ್ಲ ಎಂದು ಅಧಿಕಾರಿಗಳೇ ಹೇಳಿದ್ದರು.

ಅರ್ಪೋರಾದ ನಂತರ ಉತ್ತರ ಗೋವಾದ ಜಿಲ್ಲಾಡಳಿತ ಕ್ಲಬ್, ಬಾರ್‌ಗಳೊಳಗೆ ಪಟಾಕಿ, ಕಿಡಿ, ಜ್ವಾಲೆಗಳನ್ನು ನಿಷೇಧಿಸಿ ಆದೇಶ ಹೊರಡಿಸಿತು. ಅದಕ್ಕೆ 25 ಹೆಣ ಬೀಳಬೇಕಾಯಿತು. ಅದೇ ಅಧಿಕಾರ ವಿಜಯವಾಡ ಇರುವ ಎನ್‌ಟಿಆರ್ ಜಿಲ್ಲೆಯ ಮತ್ತು ವಿಶಾಖಪಟ್ಟಣದ ಕಲೆಕ್ಟರುಗಳ ಕೈಯಲ್ಲೂ ಇದೆ. ಪೂರ್ತಿ ನಿಷೇಧ ಬೇಡವೆಂದರೆ ಅಮೆರಿಕದ ಎನ್‌ಎಫ್‌ಪಿಎ 1126 ಮಾನದಂಡ ಕಣ್ಣಮುಂದಿದೆ: ಕಾರ್ಯಕ್ರಮಕ್ಕೆ ಮೊದಲೇ ಪರವಾನಗಿ, ಅಧಿಕಾರಿಯ ಎದುರು ಪರೀಕ್ಷಾರ್ಥ ಪ್ರದರ್ಶನ, ತರಬೇತಿ ಪಡೆದ ಆಪರೇಟರ್, ಪ್ರೇಕ್ಷಕರಿಂದ ಕನಿಷ್ಠ 15 ಅಡಿ ದೂರ. ಈ ಷರತ್ತುಗಳನ್ನು ಪ್ರಾಮಾಣಿಕವಾಗಿ ಅನ್ವಯಿಸಿದರೆ ಸಣ್ಣ ಹಾಲುಗಳಲ್ಲಿ ಹೆಚ್ಚಿನವು ತಾವಾಗಿಯೇ ಹೊರಬೀಳುತ್ತವೆ, ಬೀಳಲೇಬೇಕು. ಚಿಕ್ಕ ಹಾಲಿಗೆ ರಿಯಾಯಿತಿ ಕೊಡುವ ಯಾವ ನಿಯಮವನ್ನೂ ನಾನು ಒಪ್ಪಲಾರೆ.

ಆದೇಶ ಬರುವವರೆಗೆ ಹಾಲಿನ ಮಾಲೀಕರು ಕಾಯಬೇಕಾಗಿಲ್ಲ. ಒಳಗೆ ಪೈರೊ ಇಲ್ಲ ಎಂದು ಬುಕಿಂಗ್ ಕರಾರಿನಲ್ಲಿ ಒಂದು ಸಾಲು ಬರೆಸಲು ಯಾರ ಅನುಮತಿಯೂ ಬೇಡ. ಅಡ್ವಾನ್ಸ್ ಕೊಡಲು ಹೋದ ಮನೆಯವರು ಊಟದ ಮೆನುವಿಗೆ ಮುಂಚೆ ಎರಡು ಮಾತು ಕೇಳಲಿ: ಹಿಂದಿನ ಬಾಗಿಲು ಎಲ್ಲಿದೆ, ಕಾರ್ಯಕ್ರಮದ ಹೊತ್ತಿಗೆ ಅದರ ಬೀಗ ತೆಗೆದಿರುತ್ತದೆಯೇ?