ನಡುವೆ ಮೇಜಿಲ್ಲದ ಮಾತುಕತೆ

ಅಮೆರಿಕದ ಟಾಕ್ ಶೋಗಳಲ್ಲಿ ನಿರೂಪಕ ದೊಡ್ಡದೊಂದು ಮೇಜಿನ ಹಿಂದೆ ಕೂರುವುದು ವಾಡಿಕೆ. 1971ರಲ್ಲಿ ಬಿಬಿಸಿಯಲ್ಲಿ ಶುರುವಾದ ‘ಪಾರ್ಕಿನ್ಸನ್’ ಕಾರ್ಯಕ್ರಮದಲ್ಲಿ ಆ ಮೇಜು ಇರಲಿಲ್ಲ. ಅತಿಥಿ ಮೆಟ್ಟಿಲಿಳಿದು ಬಂದು ಕುರ್ಚಿಯಲ್ಲಿ ಕೂರುತ್ತಿದ್ದರು. ಎದುರಿಗೆ ಕೈಯಲ್ಲಿ ಕ್ಲಿಪ್‌ಬೋರ್ಡ್ ಹಿಡಿದ ಮೈಕೆಲ್ ಪಾರ್ಕಿನ್ಸನ್. ತೆರೆಯ ಮೇಲೆ ಇನ್ನೇನೂ ಬೇಕಾಗುತ್ತಿರಲಿಲ್ಲ. 2023ರ ಆಗಸ್ಟ್ 16ರಂದು, 88ನೇ ವಯಸ್ಸಿನಲ್ಲಿ ಅವರು ತೀರಿಕೊಂಡರು.

ಹುಟ್ಟಿದ್ದು ಯಾರ್ಕ್‌ಶೈರ್‌ನ ಕಡ್‌ವರ್ತ್ ಎಂಬ ಗಣಿ ಹಳ್ಳಿಯಲ್ಲಿ. ಕಲ್ಲಿದ್ದಲು ಗಣಿಯ ಕಾರ್ಮಿಕನಾಗಿದ್ದ ಅಪ್ಪ ಒಮ್ಮೆ ಮಗನನ್ನು ಗಣಿಯೊಳಗೆ ಕರೆದೊಯ್ದು ತೋರಿಸಿದ್ದರು, ಅವನು ಮತ್ತೆಂದೂ ಅತ್ತ ಸುಳಿಯದಿರಲಿ ಎಂದೇ. ಹುಡುಗನ ಆಸೆ ಕ್ರಿಕೆಟ್ಟು. ಬಾರ್ನ್ಸ್‌ಲೀ ಕ್ಲಬ್‌ನಲ್ಲಿ ಅವರ ಜೊತೆಗಾರರಾಗಿದ್ದವರು ಮುಂದೆ ಅಂಪೈರ್ ಆಗಿ ನಮಗೆಲ್ಲ ಪರಿಚಿತರಾದ ಡಿಕಿ ಬರ್ಡ್. ಮಗ ಜಗದ್ವಿಖ್ಯಾತರನ್ನೆಲ್ಲ ಮಾತಾಡಿಸಿದ ಮೇಲೂ, ಯಾರ್ಕ್‌ಶೈರ್ ಪರ ಕ್ರಿಕೆಟ್ ಆಡುವುದಕ್ಕೆ ಇದು ಸಮವೇ ಎಂಬುದು ಅಪ್ಪನ ಪ್ರಶ್ನೆಯಾಗಿತ್ತಂತೆ.

ಪಾರ್ಕಿನ್ಸನ್ ಪತ್ರಿಕೆಗಳಿಂದ ಟಿವಿಗೆ ಬಂದವರು. ಮ್ಯಾಂಚೆಸ್ಟರ್ ಗಾರ್ಡಿಯನ್, ಡೈಲಿ ಎಕ್ಸ್‌ಪ್ರೆಸ್‌ಗಳಲ್ಲಿ ವರದಿಗಾರರಾಗಿದ್ದರು. ಆ ಪಳಗಿಕೆ ಎದ್ದು ಕಾಣುವುದು ವಿಜ್ಞಾನಿ ಜೇಕಬ್ ಬ್ರೊನೊವ್ಸ್ಕಿ ಅವರ ಸಂದರ್ಶನದಲ್ಲಿ. ಬ್ರೊನೊವ್ಸ್ಕಿ ತಮ್ಮ 1973ರ ‘ದಿ ಅಸೆಂಟ್ ಆಫ್ ಮ್ಯಾನ್’ ಟಿವಿ ಸರಣಿಯಲ್ಲಿ ನಾಜಿಗಳ ಹತ್ಯಾಶಿಬಿರವಾಗಿದ್ದ ಆಶ್‌ವಿಟ್ಜ್‌ನ ಕೊಳವೊಂದಕ್ಕೆ ಬೂಟು ಸಮೇತ ಇಳಿದು, ಅಲ್ಲಿ ಸುಡಲ್ಪಟ್ಟವರ ಬೂದಿ ಬೆರೆತ ಕೆಸರನ್ನು ಬೊಗಸೆಯಲ್ಲಿ ಎತ್ತಿದ್ದರು. ಅವರ ಬಂಧುಗಳೂ ಅಲ್ಲೇ ಸತ್ತವರು. ಅಲ್ಲಿ ನಿಂತಾಗ ಏನಾಯಿತು ಎಂಬುದನ್ನು ಅವರು ಪಾರ್ಕಿನ್ಸನ್ ಎದುರು ನಿಧಾನವಾಗಿ ಹೇಳುತ್ತಾ ಹೋದರು. ನಗೆಗಾರರು, ಸಿನಿಮಾ ತಾರೆಯರು ಬಂದು ಹೋಗುವ ಜನಪ್ರಿಯ ಕಾರ್ಯಕ್ರಮವದು. ಅಂಥ ಹೊತ್ತಿನಲ್ಲಿ ಬಾಯಿ ಹಾಕದೆ ಕೂರುವುದಕ್ಕೆ ಗಟ್ಟಿ ಎದೆ ಬೇಕು. ತಮ್ಮ ಸಂದರ್ಶನಗಳಲ್ಲಿ ಒಂದನ್ನೇ ಉಳಿಸಿಕೊಳ್ಳಬೇಕೆಂದರೆ ಇದನ್ನೇ ಎಂದು ಪಾರ್ಕಿನ್ಸನ್ ಮುಂದೆ ಹೇಳಿದರು.

ಎಡವಿದ್ದೂ ಉಂಟು. 1975ರಲ್ಲಿ ಯುವನಟಿ ಹೆಲೆನ್ ಮಿರೆನ್ ಅವರನ್ನು, ನಿಮ್ಮ ಮೈಮಾಟ ಗಂಭೀರ ನಟಿ ಎನಿಸಿಕೊಳ್ಳಲು ಅಡ್ಡಿಯಾಗಿದೆಯೇ ಎಂಬ ಧಾಟಿಯಲ್ಲಿ ಕೇಳಿದರು. ಆಕೆ ಅಲ್ಲೇ ತಿರುಗಿಬಿದ್ದು ಅವರ ಬಾಯಿ ಕಟ್ಟಿದರು. ಇವತ್ತು ಆ ತುಣುಕು ನೋಡುವಾಗಲೂ ಮುಜುಗರವಾಗುತ್ತದೆ. ಪಾರ್ಕಿನ್ಸನ್ ಅವರನ್ನು ಮೆಚ್ಚುವವರು ಇದನ್ನು ಬಿಟ್ಟು ಅವರನ್ನು ನೆನೆಯಬಾರದು.

ಬಾಕ್ಸರ್ ಮಹಮ್ಮದ್ ಅಲಿ ಅವರೊಂದಿಗೆ ಪಾರ್ಕಿನ್ಸನ್ 1971ರಿಂದ 1981ರೊಳಗೆ ನಾಲ್ಕು ಸಲ ಕೂತರು. ಬಿಳಿಯರ ಬಗ್ಗೆ ಅಲಿ ಆಡುತ್ತಿದ್ದ ಮಾತಿಗೂ ಅವರಿಗಿದ್ದ ಬಿಳಿಯ ಗೆಳೆಯರಿಗೂ ಹೇಗೆ ತಾಳೆ ಎಂದು 1974ರಲ್ಲಿ ಕೇಳಿದಾಗ ಅಲಿ ಸಿಡಿದೆದ್ದರು. ಬುದ್ಧಿಯಲ್ಲಾಗಲಿ ಮೈಯಲ್ಲಾಗಲಿ ನೀನು ನನ್ನನ್ನು ಗೆಲ್ಲಲಾರೆ ಎಂದು ಅಬ್ಬರಿಸಿದರು. ಪಾರ್ಕಿನ್ಸನ್ ನಗಿಸಿ ಜಾರಿಕೊಳ್ಳಲಿಲ್ಲ, ಕುರ್ಚಿಯಲ್ಲೇ ಕೂತು ಬೈಗುಳ ತಿಂದರು. ಅಮೆರಿಕದ ಕರಿಯ ಮನುಷ್ಯನೊಬ್ಬನ ಒಡಲುರಿ ಬ್ರಿಟನ್ನಿನ ಮನೆಮನೆಗೆ ಮುಟ್ಟಿದ್ದು ಹಾಗೆ. 1981ರ ಹೊತ್ತಿಗೆ ಅಲಿಯ ದನಿ ಕುಗ್ಗಿತ್ತು, ಮಾತು ತಡವರಿಸುತ್ತಿತ್ತು. 2016ರಲ್ಲಿ ಅಲಿ ತೀರಿಕೊಂಡ ವರ್ಷವೇ ಪಾರ್ಕಿನ್ಸನ್ ಅಲಿಯ ನೆನಪಿನ ಪುಸ್ತಕ ಹೊರತಂದರು. ನಾಲ್ಕೂ ಸಂದರ್ಶನಗಳಲ್ಲಿ ಸೋತವನು ತಾನೇ ಎಂದು ಅವರು ಕೊನೆಯವರೆಗೂ ಹೇಳುತ್ತಿದ್ದರು.