ರಾಚೆಸ್ಟರಿನ ಸಂತ ಮೇರಿ ಆಸ್ಪತ್ರೆ

ಆಸ್ಪತ್ರೆಗೆ ಹೋಗುವುದೆಂದರೆ ಹಿಂದಿರುಗಿ ಬಾರದ ದಾರಿಯನ್ನು ಹಿಡಿಯುವುದೆಂದು ಜನರು ಭಾವಿಸಿದ್ದ ಕಾಲವೊಂದಿತ್ತು. ಇದು ನಮ್ಮ ಹಳ್ಳಿಗಳ ಮಾತು ಮಾತ್ರವಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಯೂರೋಪು ಅಮೆರಿಕಗಳಲ್ಲಿಯೂ ಅನುಕೂಲಸ್ಥರು ಮನೆಯಲ್ಲಿಯೇ ಮಲಗಿ ಚಿಕಿತ್ಸೆ ಪಡೆಯುತ್ತಿದ್ದರು. ಆಸ್ಪತ್ರೆಯನ್ನು ಸೇರುತ್ತಿದ್ದವರು ಬಹುಮಟ್ಟಿಗೆ ದಿಕ್ಕಿಲ್ಲದವರು. ಈ ಭಯವು ನಿರಾಧಾರವಾದುದೂ ಆಗಿರಲಿಲ್ಲ. 1846ರಲ್ಲಿ ಈಥರಿನ ಉಪಯೋಗವು ಲೋಕಕ್ಕೆ ತಿಳಿದ ಮೇಲೆ ಶಸ್ತ್ರಚಿಕಿತ್ಸೆಯ ನೋವೇನೋ ನೀಗಿತು. ಗಾಯ ಕೀತು ರೋಗಿಯು ಸಾಯುವುದು ತಪ್ಪಲಿಲ್ಲ. 1867ರಲ್ಲಿ ಲಿಸ್ಟರ್ ಪಂಡಿತರು ಗಾಯವನ್ನು ಕ್ರಿಮಿಗಳಿಂದ ಕಾಪಾಡುವ ವಿಧಾನವನ್ನು ಪ್ರಕಟಿಸಿದರಾದರೂ ಅದು ಎಲ್ಲೆಡೆಯಲ್ಲಿಯೂ ಆಚರಣೆಗೆ ಬರಲು ವರ್ಷಗಳೇ ಹಿಡಿದುವು. ಇಂತಹ ಸಂಧಿಕಾಲದಲ್ಲಿ, ಅಮೆರಿಕದ ಒಂದು ಸಣ್ಣ ಪಟ್ಟಣದಲ್ಲಿ, ವೈದ್ಯವನ್ನೇ ಅರಿಯದ ಕ್ಯಾಥೊಲಿಕ್ ಸಂನ್ಯಾಸಿನಿಯರು ಒಂದು ಆಸ್ಪತ್ರೆಯನ್ನು ಕಟ್ಟಿದರು. ಅದರ ಚರಿತ್ರೆಯನ್ನು ಇಂದು ತಮ್ಮ ಮುಂದೆ ಅರಿಕೆ ಮಾಡಬೇಕೆಂದಿದ್ದೇನೆ.

ಸಂಯುಕ್ತ ಸಂಸ್ಥಾನಗಳ ಉತ್ತರ ಭಾಗದಲ್ಲಿ ಮಿನ್ನೆಸೋಟಾ ಎಂಬ ಸಂಸ್ಥಾನವಿದೆ. ಅಲ್ಲಿಯ ರಾಚೆಸ್ಟರ್ ಪಟ್ಟಣವು ಆಗ ಗೋಧಿಯ ಹೊಲಗಳ ನಡುವಣ ಒಂದು ವ್ಯಾಪಾರಸ್ಥಳವಾಗಿತ್ತು. 1883ರ ಆಗಸ್ಟ್ 21ರ ಸಂಜೆ ಭಯಂಕರವಾದ ಸುಂಟರಗಾಳಿಯೊಂದು ಬೀಸಿ ಊರಿನ ಉತ್ತರ ಭಾಗವನ್ನು ನೆಲಸಮ ಮಾಡಿತು. ಮೂವತ್ತಕ್ಕೂ ಮೇಲ್ಪಟ್ಟು ಜನರು ಸತ್ತರು, ಗಾಯಗೊಂಡವರು ಅನೇಕರು. ಊರಿನಲ್ಲಿ ಆಸ್ಪತ್ರೆಯೆಂಬುದೇ ಇರಲಿಲ್ಲ. ನೃತ್ಯಮಂದಿರವೊಂದರಲ್ಲಿ ಹಾಸಿಗೆಗಳನ್ನು ಹಾಸಿ ಗಾಯಾಳುಗಳನ್ನು ಮಲಗಿಸಿದರು. ಇಂಗ್ಲೆಂಡಿನಲ್ಲಿ ಹುಟ್ಟಿ ಬಂದು ನೆಲಸಿದ್ದ ಡಾಕ್ಟರ್ ವಿಲಿಯಂ ವರಲ್ ಮೇಯೋ ಎಂಬ ವೃದ್ಧ ವೈದ್ಯರು ಚಿಕಿತ್ಸೆಯ ಭಾರವನ್ನು ಹೊತ್ತರು. ಹಗಲಿರುಳು ನೋಡಿಕೊಳ್ಳುವವರು ಬೇಕಾದಾಗ ಅವರು ಸಂತ ಫ್ರಾನ್ಸಿಸರ ಪಂಥದ ಸಂನ್ಯಾಸಿನಿಯರ ನೆರವನ್ನು ಬೇಡಿದರು. ಆ ಸಂನ್ಯಾಸಿನಿಯರು ದಾದಿಯರಲ್ಲ, ಉಪಾಧ್ಯಾಯಿನಿಯರು. ಆದರೂ ಕರೆದ ಕೂಡಲೆ ಬಂದರು.

ಅವರ ಮುಖ್ಯಸ್ಥೆ ಮದರ್ ಆಲ್ಫ್ರೆಡ್ ಮೋಯೆಸ್. ಲಕ್ಸೆಂಬರ್ಗಿನಲ್ಲಿ 1828ರಲ್ಲಿ ಹುಟ್ಟಿ, 1877ರಲ್ಲಿ ರಾಚೆಸ್ಟರಿನಲ್ಲಿ ಈ ಸಂನ್ಯಾಸಿನೀ ಸಂಘವನ್ನು ಸ್ಥಾಪಿಸಿದವರು. ಗಾಯಾಳುಗಳು ತಮ್ಮ ತಮ್ಮ ಮನೆಗಳಿಗೆ ಹೋದ ಮೇಲೆ ಈಕೆಯ ಮನಸ್ಸು ಮಾತ್ರ ನೃತ್ಯಮಂದಿರದಲ್ಲಿಯೇ ಉಳಿಯಿತು. ಈ ಊರಿಗೊಂದು ಆಸ್ಪತ್ರೆ ಬೇಕೆಂದು ಮೇಯೋರವರನ್ನು ಕೇಳಿದರು. ಮೇಯೋರವರು ಒಪ್ಪಲಿಲ್ಲ. ಊರು ಚಿಕ್ಕದು, ವೆಚ್ಚ ಅಪಾರ, ಗೆಲ್ಲುವ ಭರವಸೆಯಿಲ್ಲವೆಂದರು. 40,000 ಡಾಲರಾದರೂ ಬೇಕಾದೀತೆಂದು ಹೇಳಿದರು. ಹಣದ ಚಿಂತೆ ನಮಗಿರಲಿ, ರೋಗಿಗಳ ಹೊಣೆಯನ್ನು ನೀವು ಹೊರುವೆವೆಂದು ಮಾತು ಕೊಟ್ಟರೆ ಸಾಕು ಎಂಬುದು ಮದರ್ ಆಲ್ಫ್ರೆಡರ ಉತ್ತರ. ವೈದ್ಯರು ಮಾತು ಕೊಟ್ಟರು.

ಹನಿಗೂಡಿದರೆ ಹಳ್ಳವೆಂಬ ಗಾದೆ ಅಲ್ಲಿ ನಿಜವಾಯಿತು. ಪಾಠ ಹೇಳಿ, ಸಂಗೀತ ಕಲಿಸಿ, ಕಸೂತಿ ಹಾಕಿ, ತಮ್ಮ ಊಟ ಉಡುಪುಗಳಲ್ಲಿಯೇ ಮಿಗಿಸಿ ಆ ಹೆಂಗಸರು ವರ್ಷಗಟ್ಟಲೆ ಹಣ ಕೂಡಿಸಿದರು. 1889ರ ಸೆಪ್ಟೆಂಬರ್ 30ರಂದು 27 ಹಾಸಿಗೆಗಳ ಸಂತ ಮೇರಿ ಆಸ್ಪತ್ರೆಯು ತೆರೆಯಿತು. ಅಂದೇ ಕಣ್ಣಿನ ಕ್ಯಾನ್ಸರಿಗೆ ಮೊದಲನೆಯ ಶಸ್ತ್ರಚಿಕಿತ್ಸೆ ನಡೆಯಿತು. ಕಿರಿಯ ಮಗ ಚಾರ್ಲ್ಸ್ ಶಸ್ತ್ರವನ್ನು ಹಿಡಿದರು, ಹಿರಿಯ ಮಗ ವಿಲಿಯಂ ಒತ್ತಾಸೆಗೆ ನಿಂತರು, ತಂದೆ ಅರಿವಳಿಕೆ ಕೊಟ್ಟರು. ಜಾತಿ, ಮತ, ಬಡತನ ಸಿರಿತನಗಳನ್ನು ನೋಡದೆ ಬಂದವರನ್ನೆಲ್ಲ ಸೇರಿಸಿಕೊಳ್ಳಬೇಕೆಂಬುದು ಮೊದಲಿನಿಂದಲೂ ಅಲ್ಲಿಯ ನಿಯಮ.

ನಿಯಮವನ್ನು ಮಾಡುವುದು ಸುಲಭ, ಜನರು ನಂಬುವುದು ಕಷ್ಟ. ಮೇಯೋ ಮನೆತನದವರು ಪ್ರೊಟೆಸ್ಟೆಂಟರು, ಆಸ್ಪತ್ರೆಯಾದರೋ ಕ್ಯಾಥೊಲಿಕರದು. ಆ ದಶಕದಲ್ಲಿ ಅಮೆರಿಕದ ಮಧ್ಯಭಾಗದಲ್ಲಿ ಕ್ಯಾಥೊಲಿಕರ ಮೇಲಣ ದ್ವೇಷವು ಬಲವಾಗಿ ಹಬ್ಬಿತ್ತು. ಸಂನ್ಯಾಸಿನಿಯರ ಕೈಗೆ ರೋಗಿಯನ್ನು ಒಪ್ಪಿಸಲಾರೆವೆಂದು ಊರಿನಲ್ಲಿ ಕೆಲವರು 1892ರಲ್ಲಿ ಪ್ರತಿಯಾಗಿ ಬೇರೊಂದು ಆಸ್ಪತ್ರೆಯನ್ನು ತೆರೆದರು. ಅದು ಕೆಲವೇ ವರ್ಷಗಳಲ್ಲಿ ಮುಚ್ಚಿಹೋಯಿತು. ವಾದದಿಂದ ಸಂತ ಮೇರಿ ಗೆಲ್ಲಲಿಲ್ಲ. ಒಳಗೆ ಹೋದವರು ಬದುಕಿ ಮನೆಗೆ ಬಂದರೆಂಬುದೇ ಅದರ ಗೆಲುವಿಗೆ ಕಾರಣ.

ಬದುಕಿ ಬಂದುದು ಹೇಗೆ? ಮೇಯೋ ಸಹೋದರರ ಕೈಚಳಕದಿಂದ ಎನ್ನುವುದು ಅರ್ಧಸತ್ಯ. ಲಿಸ್ಟರ್ ಪಂಡಿತರ ವಿಧಾನವು ಶಸ್ತ್ರ ಹಿಡಿದವನ ಕೈಯೊಂದರಿಂದ ಸಾಗುವುದಲ್ಲ. ಬಟ್ಟೆ, ದಾರ, ಬೋಗುಣಿ, ನೆಲ, ಉಗುರು ಎಲ್ಲವೂ ಪ್ರತಿದಿನವೂ ಒಂದೇ ಕಟ್ಟುನಿಟ್ಟಿನಿಂದ ಶುದ್ಧವಾಗಿರಬೇಕು. ಒಂದು ದಿನದ ಸೋಮಾರಿತನ ಒಂದು ಪ್ರಾಣವನ್ನು ತೆಗೆಯುತ್ತದೆ. ಗಂಟೆಯ ಪ್ರಕಾರ ಏಳುವುದು, ಹೇಳಿದುದನ್ನು ಚಾಚೂ ತಪ್ಪದೆ ಮಾಡುವುದು, ಯಾವ ಕೆಲಸವನ್ನೂ ಕೀಳೆಂದು ಎಣಿಸದಿರುವುದು: ಇವು ಮಠದಲ್ಲಿ ಆ ಸಂನ್ಯಾಸಿನಿಯರಿಗೆ ಆಗಲೇ ಅಭ್ಯಾಸವಾಗಿದ್ದುವು. ಹೊಸ ವಿಜ್ಞಾನವು ಬೇಡಿದ ಶಿಸ್ತು ಹಳೆಯ ವ್ರತದಲ್ಲಿ ಸಿದ್ಧವಾಗಿತ್ತು. ವಿದ್ಯೆಯ ಕೊರತೆಯನ್ನು ಈಡಿತ್ ಗ್ರಹಾಂ ಎಂಬ ತರಬೇತಾದ ದಾದಿಯು ತುಂಬಿದಳು.

ಆಕೆಯ ಶಿಷ್ಯೆಯರಲ್ಲಿ ಅಗ್ರಗಣ್ಯರು ಸಿಸ್ಟರ್ ಜೋಸೆಫ್ ಡೆಂಪ್ಸಿ. ಬೇರೊಂದು ಸಂಸ್ಥಾನದಲ್ಲಿ ಪಾಠ ಹೇಳುತ್ತಿದ್ದ ಇವರನ್ನು 1889ರಲ್ಲಿ ಆಸ್ಪತ್ರೆಗೆ ಕರೆಸಲಾಯಿತು. ಮೊದಲ ದಿನಗಳಲ್ಲಿ ಪುರುಷ ರೋಗಿಯ ಬರಿಮೈಯನ್ನು ನೋಡಲಾರದೆ ಲಜ್ಜೆಯಿಂದ ಬೆನ್ನು ತಿರುಗಿಸಿ ನಿಂತರಂತೆ. ಅವರೇ 1890ರಿಂದ 1915ರ ವರೆಗೆ ವಿಲಿಯಂ ಮೇಯೋರವರಿಗೆ ಶಸ್ತ್ರಚಿಕಿತ್ಸೆಯಲ್ಲಿ ಮೊದಲನೆಯ ಸಹಾಯಕರಾದರು. 1892ರಿಂದ ಕೊನೆಯವರೆಗೆ ಆಸ್ಪತ್ರೆಯ ಆಡಳಿತವನ್ನು ನಡೆಸಿದರು. 1906ರಲ್ಲಿ ದಾದಿಯರ ಶಾಲೆಯನ್ನು ತೆರೆದರು. ಶಸ್ತ್ರಚಿಕಿತ್ಸೆಗೆ ರೋಗಿಯ ಹೊಟ್ಟೆಯನ್ನು ತೊಳೆದು ಅಣಿಮಾಡುವಾಗ, ಹೊಕ್ಕುಳಲ್ಲಿ ಗಟ್ಟಿಯಾದ ಗಂಟು ಸಿಕ್ಕಿದರೆ ಒಳಗೆ ಕ್ಯಾನ್ಸರು ಹರಡಿರುವುದನ್ನು ಅವರು ಗಮನಿಸಿದರು. 1928ರಲ್ಲಿ ಮೇಯೋರವರು ಇದನ್ನು ಪ್ರಕಟಿಸಿದರು. 1949ರಲ್ಲಿ ಇಂಗ್ಲೆಂಡಿನ ಹ್ಯಾಮಿಲ್ಟನ್ ಬೈಲಿಯವರು ಆ ಗಂಟಿಗೆ ಸಿಸ್ಟರ್ ಜೋಸೆಫರ ಹೆಸರನ್ನೇ ಇಟ್ಟರು. ವೈದ್ಯ ವಿದ್ಯಾರ್ಥಿಗಳು ಈಗಲೂ ಆ ಹೆಸರನ್ನು ಕಲಿಯುತ್ತಾರೆ. ಪ್ರತಿನಿತ್ಯವೂ ಕೈಯಿಂದ ಸೇವೆ ಮಾಡಿದವರಿಗೆ ಮಾತ್ರ ದೊರೆಯಬಹುದಾದ ಜ್ಞಾನವಿದು.

ಮದರ್ ಆಲ್ಫ್ರೆಡರು ಮುಖ್ಯಸ್ಥೆಯ ಪದವಿಯಲ್ಲಿ ಹೆಚ್ಚು ಕಾಲ ಉಳಿಯಲಿಲ್ಲ, 1899ರಲ್ಲಿ ತೀರಿಕೊಂಡರು. ಸಿಸ್ಟರ್ ಜೋಸೆಫ್ 1939ರ ಮಾರ್ಚಿಯಲ್ಲಿ ಕಾಲವಾದರು. ಅದೇ ವರ್ಷದ ಮೇ ತಿಂಗಳಿನಲ್ಲಿ ಚಾರ್ಲ್ಸ್, ಜುಲೈಯಲ್ಲಿ ವಿಲಿಯಂ ಅವರನ್ನು ಹಿಂಬಾಲಿಸಿದರು. 27 ಹಾಸಿಗೆಗಳು ಅಷ್ಟರಲ್ಲಿ ಸುಮಾರು 600 ಆಗಿದ್ದುವು. 1986ರಲ್ಲಿ ಆಸ್ಪತ್ರೆಯು ಮೇಯೋ ಕ್ಲಿನಿಕ್ಕಿನೊಡನೆ ಒಂದೇ ಆಡಳಿತಕ್ಕೆ ಸೇರಿತು. ಮೇಯೋ ಎಂಬ ಹೆಸರನ್ನು ಇಂದು ಲೋಕವೆಲ್ಲ ಬಲ್ಲುದು. ಆ ಹೆಸರಿಗೆ ನೆಲೆಯಾದ ಮನೆಯನ್ನು ಕಟ್ಟಿದವರು ಮಾತ್ರ, ಬೇಡವೆಂದು ವೈದ್ಯರೇ ಹೇಳಿದಾಗಲೂ ಬೇಕೆಂದು ನಿಂತ ಬಡ ಉಪಾಧ್ಯಾಯಿನಿಯರು. ನಮ್ಮಲ್ಲಿ ಆಸ್ಪತ್ರೆಗಳನ್ನು ಕಟ್ಟುವ ಮಾತು ಬಂದಾಗಲೆಲ್ಲ ಕಟ್ಟಡವನ್ನೂ ಯಂತ್ರಗಳನ್ನೂ ಲೆಕ್ಕ ಹಾಕುತ್ತೇವೆ. ನಡುರಾತ್ರಿಯಲ್ಲಿ ರೋಗಿಯ ಬಳಿ ಎಚ್ಚರವಾಗಿ ಕುಳಿತಿರುವವರು ಯಾರೆಂಬುದನ್ನೂ ಆ ಲೆಕ್ಕದಲ್ಲಿ ಮೊದಲು ಸೇರಿಸಬೇಕೆಂದು ನನ್ನ ಭಾವನೆ.